ಹೊಟ್ಟೆಯಲ್ಲಿ ಹುಳುವಿದ್ದರೆ ಲಸಿಕೆ ಮೈಗೆ ಹತ್ತುವುದಿಲ್ಲವೇ?

ಮಗು ಸೊರಗಿದೆ, ಜಂತುಹುಳು ಇರಬೇಕು, ಅದನ್ನು ಬೀಳಿಸಿದ ಮೇಲೆ ಲಸಿಕೆ ಹಾಕಿಸೋಣ ಎಂದು ದಿನ ಮುಂದೂಡುವ ಮನೆಗಳಿವೆ. ಈ ನಂಬಿಕೆ ಪೂರ್ತಿ ಬುಡವಿಲ್ಲದ್ದಲ್ಲ. ತೊಡಕಿರುವುದೇ ಅಲ್ಲಿ.

ಹುಳು ನಮ್ಮ ಅನ್ನವನ್ನಷ್ಟೇ ಕದಿಯುತ್ತದೆ ಎಂಬುದು ಮೊದಲ ತಪ್ಪು. ದುಂಡುಹುಳು ಒಂದೆರಡು ವರ್ಷ ಕರುಳಿನಲ್ಲಿ ಬಾಳುತ್ತದೆ. ಕೊಕ್ಕೆಹುಳು ಇನ್ನೂ ಹೆಚ್ಚು ಕಾಲ. ಅಷ್ಟು ದೊಡ್ಡ ಪರಕೀಯ ಜೀವಿಯನ್ನು ದೇಹ ಸುಮ್ಮನೆ ಸಹಿಸುವುದಿಲ್ಲ, ಸಹಿಸುವಂತೆ ಹುಳುವೇ ಮಾಡಿಕೊಳ್ಳುತ್ತದೆ. ರೋಗನಿರೋಧಕ ವ್ಯವಸ್ಥೆಗೆ ಕಡಿವಾಣ ಹಾಕುವ ಜೀವಕೋಶಗಳು ಹೆಚ್ಚುತ್ತವೆ, ಐಎಲ್-10ರಂಥ ಶಮನಕಾರಿ ರಾಸಾಯನಿಕಗಳು ಏರುತ್ತವೆ. ಲಸಿಕೆಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧ: ದೇಹ ಕೆರಳಬೇಕು, ಶತ್ರುವನ್ನು ಗುರುತಿಟ್ಟುಕೊಳ್ಳಬೇಕು.

ಇದು ಬರೀ ತರ್ಕವಲ್ಲ. ಈಕ್ವೆಡಾರ್‌ನಲ್ಲಿ ದುಂಡುಹುಳುವಿದ್ದ ಮಕ್ಕಳಲ್ಲಿ ಕೆಲವರಿಗೆ ಹುಳುಮಾತ್ರೆ ಆಲ್ಬೆಂಡಜೋಲ್, ಉಳಿದವರಿಗೆ ಔಷಧವಿಲ್ಲದ ಹುಸಿಮಾತ್ರೆ ಕೊಟ್ಟು, ಬಳಿಕ ಎಲ್ಲರಿಗೂ ಬಾಯಿಯ ಮೂಲಕ ಕಾಲರಾ ಲಸಿಕೆ ಹಾಕಿದರು. 2000ದಲ್ಲಿ ಪ್ರಕಟವಾದ ಫಲಿತಾಂಶದಂತೆ, ಹುಳು ಬಿದ್ದ ಮಕ್ಕಳಲ್ಲಿ ಪ್ರತಿಕಾಯ ಹೆಚ್ಚು ಏರಿತ್ತು. ಇಥಿಯೋಪಿಯಾದಲ್ಲೂ ಹುಳುಬಾಧೆಗೆ ಚಿಕಿತ್ಸೆ ಪಡೆದು ಕ್ಷಯದ ಲಸಿಕೆ ಬಿಸಿಜಿ ಹಾಕಿಸಿಕೊಂಡವರ ಜೀವಕೋಶಗಳು ಕ್ಷಯದ ಅಂಶಗಳಿಗೆ ಚುರುಕಾಗಿ ಸ್ಪಂದಿಸಿದವು.

ಹಾಗಾದರೆ ಮೊದಲು ಹುಳು, ಆಮೇಲೆ ಲಸಿಕೆ? ಅವಸರ ಬೇಡ. ನಮ್ಮ ಲಸಿಕಾ ಪಟ್ಟಿಯನ್ನೇ ನೋಡಿ: ಬಿಸಿಜಿ ಹುಟ್ಟಿದಾಗ, ನಾಯಿಕೆಮ್ಮು ಸೇರಿ ಐದು ರೋಗಗಳನ್ನು ತಡೆಯುವ ಪೆಂಟಾವೇಲೆಂಟ್ 6, 10, 14ನೇ ವಾರಗಳಲ್ಲಿ. ಆಗ ಮಗು ಇನ್ನೂ ಅಂಬೆಗಾಲಿಟ್ಟಿರುವುದಿಲ್ಲ. ಮಣ್ಣಿನಿಂದ ಬರುವ ಹುಳು ಅದರ ಹೊಟ್ಟೆ ಸೇರುವ ಸಂಭವ ತೀರಾ ಕಡಿಮೆ. ಇಲ್ಲದ ಹುಳುವಿಗೆ ಹೆದರಿ ನಾಯಿಕೆಮ್ಮಿಗೆ ಬಾಗಿಲು ತೆರೆದಿಟ್ಟಂತಾಗುತ್ತದೆ, ಅಷ್ಟೆ.

ತಾಯಿಯ ಹೊಟ್ಟೆಯ ಹುಳು? ಪ್ರಶ್ನೆ ಗಂಭೀರವೇ. ಗರ್ಭದಲ್ಲೇ ಆನೆಕಾಲು ರೋಗದ ಹುಳು, ರಕ್ತನಾಳದಲ್ಲಿ ನೆಲೆಸುವ ಶಿಸ್ಟೊಸೋಮ ಹುಳು ಇವುಗಳ ಪ್ರಭಾವಕ್ಕೆ ಒಳಗಾದ ಮಕ್ಕಳಲ್ಲಿ ಬಿಸಿಜಿಯ ಪರಿಣಾಮ ಕುಂದಿದ್ದನ್ನು ಕೆನ್ಯಾದಲ್ಲಿ ಅಧ್ಯಯನ ನಡೆಸಿದ ಸಂಶೋಧಕರು 1999ರಲ್ಲಿ ವರದಿ ಮಾಡಿದ್ದರು. ಆದರೆ ಉಗಾಂಡಾದ ಎಂಟೆಬೆಯಲ್ಲಿ 2,507 ಗರ್ಭಿಣಿಯರನ್ನು ಸೇರಿಸಿಕೊಂಡು ಹುಳುಮಾತ್ರೆಯ ಪರೀಕ್ಷೆ ನಡೆಸಿದಾಗ, ಬಿಸಿಜಿ, ಧನುರ್ವಾಯು, ದಡಾರ ಲಸಿಕೆಗಳಿಗೆ ಶಿಶುಗಳ ಸ್ಪಂದನ ಅದರಿಂದ ಹೆಚ್ಚಲಿಲ್ಲ. ಬದಲಿಗೆ, ಆಲ್ಬೆಂಡಜೋಲ್ ಪಡೆದ ತಾಯಂದಿರ ಮಕ್ಕಳಲ್ಲಿ ಚರ್ಮದ ಎಕ್ಜಿಮಾ ಹೆಚ್ಚಾಗಿ ಕಂಡಿತು! ಹುಳು ಎಂದರೆ ಒಂದೇ ಜಾತಿಯಲ್ಲ, ಲಸಿಕೆ ಎಂದರೆ ಒಂದೇ ಬಗೆಯಲ್ಲ. ಬಾಯಿಗೆ ಕೊಡುವ ಕಾಲರಾ ಲಸಿಕೆಯ ಫಲಿತಾಂಶವನ್ನು ದಡಾರದ ಸೂಜಿಗೆ ಅಂಟಿಸಲಾಗದು. ಶಿಸ್ಟೊಸೋಮವಂತೂ ನಮ್ಮ ದೇಶದಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ.

  

ಹುಳುಮಾತ್ರೆ ಬೇಡವೆಂದು ಇದರ ಅರ್ಥವಲ್ಲ. ರಕ್ತಹೀನತೆ, ಪೋಷಣೆಯ ಕೊರತೆಗಾಗಿ ಅದು ಬೇಕೇ ಬೇಕು. ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು 1ರಿಂದ 19 ವರ್ಷದವರಿಗೆ ಕೊಡುವುದೂ ಅದಕ್ಕೇ. ಎರಡು ವರ್ಷದೊಳಗಿನವರಿಗೆ 400 ಮಿಲಿಗ್ರಾಂ ಮಾತ್ರೆಯ ಅರ್ಧ, ಮಿಕ್ಕವರಿಗೆ ಪೂರ್ತಿ. ಲಸಿಕೆಗೂ ಇದಕ್ಕೂ ನಡುವೆ ಅಂತರ ಬೇಕಿಲ್ಲ: ಆಫ್ರಿಕಾದ ಹಲವು ದೇಶಗಳ ಆರೋಗ್ಯ ಅಭಿಯಾನಗಳಲ್ಲಿ ದಡಾರದ ಲಸಿಕೆ, ಎ ಜೀವಸತ್ವದ ಹನಿ, ಹುಳುಮಾತ್ರೆ ಮೂರನ್ನೂ ಒಂದೇ ಸರದಿಯಲ್ಲಿ ಕೊಟ್ಟು ಕಳಿಸುತ್ತಾರೆ.