ಮೂರನೇ ಸಲ ಸಿಕ್ಕಿಬಿದ್ದರೆ ಜೀವಾವಧಿ!

ಬಸ್ಸಿನಲ್ಲಿ ಯಾರದೋ ಜೇಬಿಗೆ ಕತ್ತರಿ ಬಿದ್ದರೆ ಸಾಕು, ಹಿಂದಿನ ಸೀಟಿನಿಂದ ತೀರ್ಪು ಹೊರಬೀಳುತ್ತದೆ: "ಇಂಥೋರ್ನ ಸಾಯೋತನಕ ಒಳಗ್ ಹಾಕ್ಬೇಕು ಸ್ವಾಮಿ, ಆಗ ನೋಡಿ ಕಳ್ಳತನ ಹೆಂಗ್ ನಿಲ್ಲತ್ತೆ!" ಅಂಗಡಿಯ ಗಲ್ಲಾ ಮುಂದೆಯೂ ಇದೇ ಮಾತು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಇದನ್ನು ಬರೀ ಮಾತಿಗೆ ಬಿಡದೆ ಕಾನೂನನ್ನೇ ಮಾಡಿಬಿಟ್ಟಿತು. ಅಪರಾಧವೂ ಇಳಿಯಿತು. ಹಾಗಾದರೆ ಹಿಂದಿನ ಸೀಟಿನವರು ಹೇಳಿದ್ದೇ ಸರಿ ಅನ್ನೋಣವೇ? ಸ್ವಲ್ಪ ತಡೆಯಿರಿ.

1992ರಲ್ಲಿ ಆ ರಾಜ್ಯದ ಫ್ರೆಸ್ನೋ ಊರಿನಲ್ಲಿ ಪರ್ಸ್ ಕಸಿಯಲು ಬಂದವರು 18 ವರ್ಷದ ಹುಡುಗಿಯನ್ನು ಗುಂಡಿಟ್ಟು ಕೊಂದರು. ಫೋಟೋ ತೆಗೆಯುವ ಕಸುಬಿನ ಅವಳ ಅಪ್ಪ, ಪದೇ ಪದೇ ತಪ್ಪು ಮಾಡುವವರನ್ನು ಹೊರಗೆ ಬಿಡಬೇಡಿ ಎಂದು ಊರೂರು ಅಲೆದ. ಶಾಸನಸಭೆ ಮೊದಲು ಸೊಪ್ಪು ಹಾಕಲಿಲ್ಲ. 1993ರ ಅಕ್ಟೋಬರಿನಲ್ಲಿ ಪೆಟಲೂಮಾ ಎಂಬಲ್ಲಿ 12 ವರ್ಷದ ಹುಡುಗಿಯನ್ನು ಅವಳ ಮನೆಯಿಂದಲೇ ಹೊತ್ತೊಯ್ದು ಕೊಂದದ್ದು ಬಯಲಾಯಿತು. ಕೊಂದವನು ಹಳೇ ಕೈದಿ, ಪೆರೋಲಿನ ಮೇಲೆ ಹೊರಬಂದಿದ್ದವನು. ಜನ ಕೆರಳಿದರು. ಗವರ್ನರ್ ಪೀಟ್ ವಿಲ್ಸನ್ 1994ರ ಮಾರ್ಚಿನಲ್ಲಿ ಸಹಿ ಹಾಕಿದರು. ಅದೇ ನವೆಂಬರಿನಲ್ಲಿ ಮತದಾರರಲ್ಲಿ ನೂರಕ್ಕೆ 72 ಮಂದಿ ಇದಕ್ಕೆ ಹೌದೆಂದು ಮುದ್ರೆ ಒತ್ತಿದರು. ಹೆತ್ತವರ ಸಂಕಟವನ್ನು ಯಾರೂ ಹಗುರ ಮಾಡುವಂತಿಲ್ಲ.

ಬೇಸ್‌ಬಾಲ್ ಆಟದಲ್ಲಿ ಮೂರು ಸಲ ಚೆಂಡು ತಪ್ಪಿದರೆ ಔಟ್. ಕಾನೂನೂ ಹಾಗೇ. ಎರಡು ಗಂಭೀರ ಅಪರಾಧ ತಲೆಯ ಮೇಲಿದ್ದು, ಮೂರನೆಯದು ಯಾವುದೇ ದೊಡ್ಡ ವರ್ಗದ ಅಪರಾಧವೆಂದು ದಾಖಲಾದರೂ ಕನಿಷ್ಠ 25 ವರ್ಷದಿಂದ ಜೀವಾವಧಿ. ಸಿಕ್ಕು ಇದ್ದದ್ದು ಈ "ಯಾವುದೇ" ಎಂಬ ಮಾತಿನಲ್ಲಿ. ಹಳೇ ಕೇಸು ಇದ್ದವನು ಸಣ್ಣ ಕಳ್ಳತನ ಮಾಡಿದರೂ ಅದನ್ನು ದೊಡ್ಡ ವರ್ಗಕ್ಕೆ ಏರಿಸಲು ಅಲ್ಲಿ ಅವಕಾಶವಿತ್ತು.

1995ರಲ್ಲಿ ಒಬ್ಬ ಎರಡು ಅಂಗಡಿಗಳಲ್ಲಿ ಒಟ್ಟು ಒಂಬತ್ತು ವಿಡಿಯೋ ಕ್ಯಾಸೆಟ್ ಕದ್ದ. ಎಲ್ಲ ಸೇರಿ ಬೆಲೆ ಸುಮಾರು 150 ಡಾಲರ್. ಅದರಲ್ಲಿ ಮಕ್ಕಳ ಸಿನಿಮಾಗಳೂ ಇದ್ದವು. ಶಿಕ್ಷೆ? 25ಕ್ಕೆ 25 ಸೇರಿ ಕನಿಷ್ಠ 50 ವರ್ಷ! ಇನ್ನೊಬ್ಬ ಮೂರು ಗಾಲ್ಫ್ ದಾಂಡುಗಳನ್ನು ಪ್ಯಾಂಟಿನ ಕಾಲೊಳಗೆ ತೂರಿಸಿಕೊಂಡು ಕುಂಟುತ್ತ ಹೊರಟ. ಅವನಿಗೆ 25. ಇಬ್ಬರೂ ಸಾಚಾಗಳೇನಲ್ಲ, ಹಿಂದೆ ಮನೆಗಳಿಗೆ ಕನ್ನ ಹಾಕಿದವರೇ. ಆದರೂ ಕ್ಯಾಸೆಟ್ಟಿಗೆ ಅರ್ಧ ಶತಮಾನವೇ? 2003ರ ಮಾರ್ಚಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಎರಡೂ ಶಿಕ್ಷೆಗಳನ್ನು ಎತ್ತಿಹಿಡಿಯಿತು. ಐವರು ನ್ಯಾಯಾಧೀಶರು ಸರಿ ಅಂದರು, ನಾಲ್ವರು ಕೂಡದು ಅಂದರು.

ಈಗ ಲೆಕ್ಕಕ್ಕೆ ಬನ್ನಿ. 1993ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ 4 ಸಾವಿರಕ್ಕೂ ಹೆಚ್ಚು ಕೊಲೆ. 2000ದ ಹೊತ್ತಿಗೆ 2 ಸಾವಿರದ ಆಸುಪಾಸು. ನೋಡಿದ್ರಾ ಎಂದು ರಾಜಕಾರಣಿಗಳು ಮೀಸೆ ತಿರುವಿದರು. ಆದರೆ ಅಲ್ಲಿ ಹಿಂಸೆಯ ಅಪರಾಧಗಳ ದರ ಇಳಿಯತೊಡಗಿದ್ದು 1993ರಲ್ಲೇ, ಕಾನೂನು ಹುಟ್ಟುವ ಮೊದಲೇ. ಈ "ಮೂರನೇ ತಪ್ಪಿನ" ಕಾನೂನೇ ಇಲ್ಲದ ನ್ಯೂಯಾರ್ಕ್ ನಗರದಲ್ಲಿ 1990ರಲ್ಲಿ 2,200ಕ್ಕೂ ಮೇಲಿದ್ದ ಕೊಲೆ, 2000ದಲ್ಲಿ 700ರ ಒಳಗೆ ಬಂತು. ಕ್ಯಾಲಿಫೋರ್ನಿಯಾದೊಳಗೇ ಸ್ಯಾನ್ ಫ್ರಾನ್ಸಿಸ್ಕೋದ ಸರ್ಕಾರಿ ವಕೀಲರು ಇದನ್ನು ಬಳಸಿದ್ದೇ ಅಪರೂಪ. ಅಲ್ಲೂ ಇಳಿಯಿತು. ಕೋಳಿ ಕೂಗಿದ್ದಕ್ಕೇ ಬೆಳಗಾಯಿತು ಎಂದ ಮುದುಕಿಯ ಕತೆ ನಮ್ಮವರಿಗೆ ಹೇಳಿಕೊಡಬೇಕಿಲ್ಲ.

ಏನೂ ಕೆಲಸ ಮಾಡಲಿಲ್ಲ ಅನ್ನುವುದೂ ಸುಳ್ಳು. ಎರಡು ತಪ್ಪು ಈಗಾಗಲೇ ತಲೆಮೇಲಿದ್ದವರು ಹೆದರಿ, ಅಂಥವರ ಬಂಧನ ನೂರಕ್ಕೆ 17ರಿಂದ 20ರಷ್ಟು ಕಡಿಮೆಯಾಯಿತೆಂದು ಇಬ್ಬರು ಅರ್ಥಶಾಸ್ತ್ರಜ್ಞರು 2007ರಲ್ಲಿ ಲೆಕ್ಕ ಕೊಟ್ಟಿದ್ದಾರೆ. ಇರಬಹುದು. ಆದರೆ ವಯಸ್ಸು ಏರಿದಂತೆ ಕಳ್ಳನ ಕಾಲೂ ಸೋಲುತ್ತದೆ. ಅರವತ್ತು ದಾಟಿದವನನ್ನು ಕಟ್ಟಿಹಾಕಿ ಅನ್ನ, ಔಷಧಿ ಕೊಡುವ ಖರ್ಚು ತೆರಿಗೆ ಕಟ್ಟುವವನ ತಲೆಗೇ.

ಇನ್ನು ಜೈಲು. ಈ ಕಾನೂನು, ಇಂಥವೇ ಬೇರೆ ಬಿಗಿ ಕಾನೂನುಗಳು ಸೇರಿ ಸುಮಾರು 80 ಸಾವಿರ ಮಂದಿಗೆಂದು ಕಟ್ಟಿದ ಜೈಲುಗಳಲ್ಲಿ ಅದರ ಎರಡರಷ್ಟು ಜನರನ್ನು ತುಂಬಿದವು. ವ್ಯಾಯಾಮದ ಹಾಲಿನಲ್ಲೆಲ್ಲ ಮಂಚದ ಮೇಲೆ ಮಂಚ. ಕೆಲವೆಡೆ 54 ಕೈದಿಗಳಿಗೆ ಒಂದೇ ಕಕ್ಕಸು! ನಮ್ಮ ಬಸ್‌ಸ್ಟ್ಯಾಂಡೇ ವಾಸಿ ಅನಿಸುವ ಸ್ಥಿತಿ. ಕೈದಿಗಳನ್ನು ಕಡಿಮೆ ಮಾಡಿ ಎಂದು 2011ರಲ್ಲಿ ಅದೇ ಸುಪ್ರೀಂ ಕೋರ್ಟು ಹೇಳಬೇಕಾಯಿತು.

ಮತದಾರರೂ ಮೆತ್ತಗಾದರು. ಮೂರನೆಯದೂ ಗಂಭೀರವೋ ಹಿಂಸೆಯದೋ ಆಗಿದ್ದರೆ ಮಾತ್ರ ಜೀವಾವಧಿ ಎಂದು 2012ರಲ್ಲಿ ಅವರೇ ಸಡಿಲಿಸಿದರು, ಕೆಲವು ಘೋರ ಅಪರಾಧಿಗಳನ್ನು ಬಿಟ್ಟು. 2014ರಲ್ಲಿ ಇನ್ನೊಂದು ಹೆಜ್ಜೆ: 950 ಡಾಲರಿನೊಳಗಿನ ಅಂಗಡಿ ಕಳ್ಳತನ ಸಣ್ಣ ಅಪರಾಧ. ಕಾಲ ಕಳೆದಂತೆ ಅಂಗಡಿಯವರ ಗೋಳು ಶುರುವಾಯಿತು. ಕಳ್ಳರು ಹಾಡಹಗಲೇ ಚೀಲ ತುಂಬಿಕೊಂಡು ಹೋಗ್ತಾರೆ, ಕೇಳೋರಿಲ್ಲ! ಟೂತ್‌ಪೇಸ್ಟ್, ಸೋಪಿಗೂ ಬೀಗ ಹಾಕಿದ ಅಂಗಡಿಗಳನ್ನು ಟೀವಿಯಲ್ಲಿ ನೀವೂ ಕಂಡಿರಬಹುದು. ಆ ಸಿಟ್ಟು ಸುಳ್ಳಲ್ಲ. ಗಲ್ಲಾ ಮೇಲೆ ಕೂತವನಿಗೆ ರಾಜ್ಯದ ಸರಾಸರಿ ಅಂಕಿ ಏನು ಮಾಡೀತು?

ನಮ್ಮಲ್ಲಿ 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆ ಬೇರೆ ದಾರಿ ಹಿಡಿದಿದೆ. ಮಾಲಿನ ಬೆಲೆ 5 ಸಾವಿರ ರೂಪಾಯಿಗಿಂತ ಕಡಿಮೆಯಿದ್ದು, ಮೊದಲ ಸಲ ಶಿಕ್ಷೆಗೊಳಗಾದವನು ಮಾಲನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ ಸಮುದಾಯ ಸೇವೆ. ಕಳ್ಳತನಕ್ಕೆ ಎರಡನೇ ಸಲ ಶಿಕ್ಷೆಯಾದರೆ ಒಂದರಿಂದ ಐದು ವರ್ಷ ಕಠಿಣ ಸಜೆ, ಜೊತೆಗೆ ದಂಡ. 25 ವರ್ಷ, 50 ವರ್ಷದ ಮಾತೇ ಇಲ್ಲ. ಆದರೆ ಇದೆಲ್ಲ ನಡೆಯಬೇಕಾದರೆ ಮೊದಲು ಕಂಪ್ಲೇಂಟ್ ಬರೆದುಕೊಳ್ಳಬೇಕು, ಕಳ್ಳ ಸಿಗಬೇಕು. ಕ್ಯಾಲಿಫೋರ್ನಿಯಾದ ಅಂಗಡಿಯವರೂ ಕೇಳಿದ್ದು ಹೆಚ್ಚುಕಡಿಮೆ ಅದನ್ನೇ.

ಅವರಿಗೆ ಸಿಕ್ಕದ್ದು ಮತ್ತೊಂದು ಮತದಾನ. 2024ರ ನವೆಂಬರಿನಲ್ಲಿ ನೂರಕ್ಕೆ 68 ಮಂದಿ ಬಿಗಿ ಮಾಡಿ ಎಂದರು. ಕಳ್ಳತನಕ್ಕೆ ಎರಡು ಸಲ ಶಿಕ್ಷೆಯಾದವನು ಮೂರನೇ ಸಲ ಕದ್ದರೆ, ಬೆಲೆ ಎಷ್ಟೇ ಇರಲಿ, ಮತ್ತೆ ದೊಡ್ಡ ಅಪರಾಧ. ಜೀವಾವಧಿಯಲ್ಲ, ಹೆಚ್ಚೆಂದರೆ ಮೂರು ವರ್ಷ. ತಮಾಷೆಯೆಂದರೆ 2012ರಲ್ಲಿ ಸಡಿಲಿಸಿದ ಪ್ರಸ್ತಾವದ ನಂಬರು 36, 2024ರಲ್ಲಿ ಬಿಗಿ ಮಾಡಿದ್ದರ ನಂಬರೂ 36! ಹೊಸ ಕಾನೂನು ಜಾರಿಯಾದದ್ದು ಆ ಡಿಸೆಂಬರಿನಲ್ಲಿ. ಆ ವರ್ಷದ ಅಪರಾಧದ ಲೆಕ್ಕ ಹೊರಬಂದಾಗ ನೋಡಿದರೆ, ಹಿಂದಿನ ವರ್ಷಕ್ಕಿಂತ ಆಗಲೇ ಇಳಿದಿತ್ತು.