ಹಳೆಯ ಕಾರಿಗೆ ಹೊಸ ತಗಡು

ತುಂಗಭದ್ರೆಯ ದಡದ ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಸ್ಥಾಪಿತವಾಯಿತು. ಅದರ ಲೇತುಗಳು ಹೆಸರುವಾಸಿಯಾದುವು. ಲೇತಿನಲ್ಲಿ ಇರುಸಿನಂತಹ ದುಂಡು ಭಾಗಗಳನ್ನು ಕಡೆಯಬಹುದು. ಕಾರಿನ ಬಾಗಿಲನ್ನು ಕಡೆಯಲಾಗದು. ಬಾಗಿಲೆಂಬುದು ಉಕ್ಕಿನ ತಗಡನ್ನು ಜೋಡಿ ಅಚ್ಚುಗಳ ನಡುವೆ ಬಲವಾಗಿ ಒತ್ತಿ ಪಡೆದ ರೂಪ. ಕಾರಿನ ತಯಾರಿಕೆ ನಿಂತರೆ ಇಂತಹ ಹೊಸ ಭಾಗಗಳೂ ದುರ್ಲಭವಾಗುತ್ತವೆ. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಆದುದರಿಂದ ಹರಿಹರದಲ್ಲಾಗಲಿ ನೆರೆಯ ದಾವಣಗೆರೆಯಲ್ಲಾಗಲಿ ಅಂತಹ ಕಾರನ್ನು ಜೀರ್ಣೋದ್ಧಾರ ಮಾಡುವವರು, ತುಕ್ಕು ತಿಂದ ತಗಡಿಗೆ ಬದಲಿಯನ್ನು ವಿವೇಚಿಸಿ ಆರಿಸಬೇಕು.

ಗುಜರಿಯಿಂದ ತಂದ ಭಾಗವಾದರೆ ಅದರ ಮೇಲೆ ಅಯಸ್ಕಾಂತವನ್ನು ಸರಿಸಿ ನೋಡೋಣ. ಹಿಡಿತ ಸಡಿಲವಾದೆಡೆ ಬಣ್ಣದಡಿ ಪುಟ್ಟಿ ದಪ್ಪನಾಗಿ ಮೆತ್ತಿದೆಯೆಂದು ಊಹಿಸಬಹುದು.

ಅನಂತರ, ಆ ಭಾಗವನ್ನು ಬೋಲ್ಟಿನಿಂದ ಕೂಡಿಸಿದೆಯೋ ಬೆಸುಗೆಯಿಂದಲೋ ಗಮನಿಸೋಣ. ಬೋಲ್ಟು ಹಾಕಿದ ಬಾನೆಟ್ಟು ಫೈಬರ್‌ಗ್ಲಾಸಿನದಾದರೂ ಕೆಲಸ ನಡೆದೀತು. ಆದರೆ ಅಂಬಾಸಿಡರಿಗೆ ಪ್ರತ್ಯೇಕ ಚಾಸಿ ಇಲ್ಲ. ಅದರ ಒಡಲೇ ಭಾರವನ್ನು ಹೊರುತ್ತದೆ. ಬಾಗಿಲ ಕೆಳಗಿನ ಪಟ್ಟಿ, ನೆಲದ ತಗಡು ಇವು ಬರಿಯ ಹೊದಿಕೆಯಲ್ಲ, ಅಸ್ಥಿಪಂಜರ. ಅಲ್ಲಿ ಮೂಲದಷ್ಟೇ ದಪ್ಪದ ಉಕ್ಕನ್ನು ಬೆಸೆಯಬೇಕು; ತೆಳು ತಗಡು ಹಾಕಿ ಬಣ್ಣ ಬಳಿದರೆ, ಅಪಘಾತದ ದಿನ ಪ್ರಯಾಣಿಕರ ಪ್ರಾಣಕ್ಕೇ ಸಂಚಕಾರ. ಹೊಳಪು ಕಣ್ಣಿಗೆ ಹಿತ. ಕಾಯುವುದು ಅದರಡಿಯ ಉಕ್ಕು.