ಹತ್ತು ಮಿಲಿಮೀಟರಿನ ಬೆಳಕು

ನಿಯಾನ್ ಫಲಕದ ಕೊಳವೆಯನ್ನು ಹತ್ತಿರದಿಂದ ನೋಡಿದರೆ ಗಾಜಿನ ಪುಟ್ಟ ಮೊನೆಯೊಂದು ಕಾಣುತ್ತದೆ. ಗಾಳಿಯನ್ನು ಹೊರಗೆಳೆದು, ಅನಿಲ ತುಂಬಿ, ಕೊನೆಗೆ ಬೆಂಕಿಯಲ್ಲಿ ಬೆಸೆದ ಜಾಗವದು. ಬೆಸೆದ ಮೇಲೆ ಒಳಗಿನದನ್ನು ತಿದ್ದುವಂತಿಲ್ಲ. ಕೊಳವೆ ದಶಕಗಳ ಕಾಲ ಬೆಳಗುವುದೋ, ಬೇಗನೆ ತುದಿ ಕಪ್ಪಾಗಿ ಆರುವುದೋ ಎಂಬುದು ಅದಕ್ಕೂ ಮೊದಲು ಒತ್ತಡದ ಗೇಜು ತೋರಿಸಿದ ಅಂಕಿಯಲ್ಲೇ ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ.

ವಿಲಿಯಂ ರಾಮ್ಸೆ ಮತ್ತು ಮಾರಿಸ್ ಟ್ರಾವರ್ಸ್ 1898ರಲ್ಲಿ ಲಂಡನ್ನಿನಲ್ಲಿ ನಿಯಾನ್ ಅನಿಲವನ್ನು ಕಂಡುಹಿಡಿದರು. 1910ರಲ್ಲಿ ಜಾರ್ಜ್ ಕ್ಲಾಡ್ ಪ್ಯಾರಿಸ್ಸಿನ ಮೋಟಾರು ಪ್ರದರ್ಶನದಲ್ಲಿ ಅದರ ಕೆಂಪು ಬೆಳಕನ್ನು ಜನರಿಗೆ ತೋರಿಸಿದರು. ಅಂದಿನಿಂದ ಇಂದಿನವರೆಗೂ ಕೆಲಸದ ಕ್ರಮ ಹೆಚ್ಚು ಬದಲಾಗಿಲ್ಲ. ಗಾಜನ್ನು ಜ್ವಾಲೆಯಲ್ಲಿ ಬಾಗಿಸಿ ಅಕ್ಷರ ಮಾಡುತ್ತಾರೆ, ಎರಡೂ ತುದಿಗೆ ಎಲೆಕ್ಟ್ರೋಡ್ ಬೆಸೆಯುತ್ತಾರೆ. ಬಳಿಕ ‘ಬಾಂಬಾರ್ಡಿಂಗ್’. ಕೊಳವೆಯಲ್ಲಿ ಕೊಂಚವೇ ಗಾಳಿ ಉಳಿಸಿ, ಭಾರೀ ವೋಲ್ಟೇಜಿನ ವಿದ್ಯುತ್ ಹರಿಸಿ, ಗಾಜನ್ನು 200 ಡಿಗ್ರಿ ಸೆಲ್ಸಿಯಸ್ ದಾಟುವಷ್ಟು ಕಾಯಿಸುತ್ತಾರೆ. ಗಾಜಿಗೆ ಅಂಟಿದ ತೇವ, ಕಲ್ಮಷವೆಲ್ಲ ಬಿಡಿಸಿಕೊಳ್ಳುತ್ತದೆ. ಅದನ್ನು ಪಂಪು ಸೆಳೆದುಹಾಕಿದ ಮೇಲೆ ಶುದ್ಧ ಅನಿಲದ ಸರದಿ.

ಇಲ್ಲಿ ಗೇಜಿಗೆ ಎರಡು ಬೇರೆ ಬೇರೆ ಕೆಲಸಗಳಿವೆ. ಕೊಳವೆ ಪೂರ್ತಿ ಖಾಲಿಯಾಯಿತೇ ಎಂದು ತಿಳಿಯಲು ಒತ್ತಡದ ಅಳತೆಯಾದ ಪಾದರಸದ ಮಿಲಿಮೀಟರಿನ ಸಾವಿರದಲ್ಲೊಂದು ಪಾಲನ್ನು, ಅಂದರೆ ಮೈಕ್ರಾನನ್ನು ಅಳೆಯಬೇಕು. ಐದು ಮೈಕ್ರಾನಿಗಿಂತ ಕೆಳಗಿಳಿದರೆ ಒಳ್ಳೆಯದು. ಅನಿಲ ತುಂಬುವಾಗ ಬೇಕಾದದ್ದು ಸುಮಾರು 8ರಿಂದ 15 ಮಿಲಿಮೀಟರ್. ಕೊಳವೆಯ ವ್ಯಾಸ ಕಿರಿದಾದಷ್ಟೂ ಒತ್ತಡ ಹೆಚ್ಚಬೇಕು. ಕಡಿಮೆಯಾದರೆ ಎಲೆಕ್ಟ್ರೋಡಿನ ಲೋಹ ಸಿಡಿದು ಗಾಜಿಗೆ ಮೆತ್ತಿ, ಅನಿಲವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಹೆಚ್ಚಾದರೆ ಟ್ರಾನ್ಸ್‌ಫಾರ್ಮರಿಗೆ ಭಾರ, ಬೆಳಕಿಗೆ ನಡುಕ. ಈ ಎರಡೂ ಅಳತೆಯನ್ನು ಒಂದೇ ಗೇಜಿನಿಂದ ಪಡೆಯಹೊರಟರೆ ಎರಡೂ ಕೆಡುತ್ತವೆ.

ಮಾಮೂಲಿ ಮುಳ್ಳಿನ ವ್ಯಾಕ್ಯೂಮ್ ಗೇಜು ಹೊರಗಿನ ಗಾಳಿಗೆ ಹೋಲಿಸಿ ಅಳೆಯುತ್ತದೆ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ 760 ಮಿಲಿಮೀಟರ್. 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಸುಮಾರು 680. ಹತ್ತು ಮಿಲಿಮೀಟರಿನ ಲೆಕ್ಕ ಹಿಡಿಯುವವನಿಗೆ ಈ 80ರ ವ್ಯತ್ಯಾಸ ಸಣ್ಣದಲ್ಲ. ಇನ್ನು, ಗೇಜಿನ ಮೇಲೆ ‘ಶೇ 1ರಷ್ಟು ನಿಖರ’ ಎಂದಿದ್ದರೆ ಅದು ಯಾವುದರ ಶೇ 1 ಎಂದು ಕೇಳಲೇಬೇಕು. ಪೂರ್ಣ ಅಳತೆಯದ್ದಾದರೆ, 760ರ ಗೇಜಿನಲ್ಲಿ ಏಳೂವರೆ ಮಿಲಿಮೀಟರ್ ಆಚೀಚೆಯಾಗಬಹುದು. ಅಕ್ಕಿ ಮೂಟೆ ತೂಗುವ ತಕ್ಕಡಿಯಲ್ಲಿ ಚಿನ್ನ ತೂಗಿದಂತೆ! ಅದೇ 20ರ ಗೇಜಿನಲ್ಲಿ ತಪ್ಪು 0.2ಕ್ಕೆ ಇಳಿಯುತ್ತದೆ.

1906ರಲ್ಲಿ ಮಾರ್ಚೆಲ್ಲೊ ಪಿರಾನಿ ರೂಪಿಸಿದ ಗೇಜು ಕಾದ ತಂತಿಯಿಂದ ಅನಿಲ ಎಷ್ಟು ಶಾಖ ಒಯ್ಯುತ್ತದೆ ಎಂಬುದನ್ನು ನೋಡಿ ಒತ್ತಡ ಹೇಳುತ್ತದೆ. ಕೊಳವೆ ಖಾಲಿಯಾಗುವುದನ್ನು ಗಮನಿಸಲು ಇದು ಸೊಗಸಾದ ಸಾಧನ. ಆದರೆ ಗಾಳಿಗೆ ಹೊಂದಿಸಿದ ಈ ಗೇಜಿಗೆ ನೀಲಿ ಕೊಳವೆಯ ಆರ್ಗಾನ್ ಕೊಟ್ಟರೆ, ಆರ್ಗಾನ್ ಶಾಖ ಒಯ್ಯುವುದು ಕಡಿಮೆಯಾದ್ದರಿಂದ ಇರುವುದಕ್ಕಿಂತ ಕಡಿಮೆ ಒತ್ತಡ ತೋರಿಸುತ್ತದೆ. 1874ರ ಮ್ಯಾಕ್ಲೌಡ್ ಗೇಜು ಪಾದರಸದಿಂದ ಅನಿಲವನ್ನು ಅದುಮಿ ಅಳೆಯುತ್ತದೆ. ಅದಕ್ಕೆ ಅನಿಲಗಳ ಭೇದವಿಲ್ಲ. ಆದರೆ ಅದುಮಿದಾಗ ನೀರಾಗಿಬಿಡುವ ಆವಿಯನ್ನು, ಅಂದರೆ ಕೊಳವೆಯ ನಿಜವಾದ ಶತ್ರುವನ್ನೇ, ಅದು ಸರಿಯಾಗಿ ಲೆಕ್ಕಕ್ಕೆ ಹಿಡಿಯಲಾರದು.

ಅನಿಲ ತುಂಬಲು ನಾನು ಮೆಚ್ಚುವುದು ಎಣ್ಣೆಯ ಮಾನೋಮೀಟರನ್ನು. ಯು ಆಕಾರದ ಗಾಜಿನ ನಳಿಕೆ, ಒಳಗೆ ಬ್ಯುಟೈಲ್ ಥ್ಯಾಲೇಟ್ ಎಣ್ಣೆ, ಒಂದು ತೋಳು ನಿರ್ವಾತದಲ್ಲಿ. ಈ ಎಣ್ಣೆ ಪಾದರಸಕ್ಕಿಂತ ಸುಮಾರು 13 ಪಟ್ಟು ಹಗುರ. ಹಾಗಾಗಿ ಪಾದರಸದ 10 ಮಿಲಿಮೀಟರ್ ಇಲ್ಲಿ 130 ಮಿಲಿಮೀಟರಾಗಿ ಕಣ್ಣೆದುರು ನಿಲ್ಲುತ್ತದೆ. ಯಾವ ಅನಿಲವಾದರೂ ಅದೇ ಓದು. ಹಣವಿದ್ದವರಿಗೆ ತೆಳು ಪೊರೆಯ ಬಾಗನ್ನು ವಿದ್ಯುತ್ತಿನಿಂದ ಅಳೆಯುವ ಕೆಪಾಸಿಟೆನ್ಸ್ ಗೇಜು ಇದೆ. ಅದೂ ಅನಿಲಭೇದ ಮಾಡುವುದಿಲ್ಲ.

ಗೇಜು ಎಷ್ಟೇ ಒಳ್ಳೆಯದಿರಲಿ, ಕೊಳವೆ ತಣಿಯುವ ತನಕ ಕಾಯಬೇಕು. 100 ಡಿಗ್ರಿ ಬಿಸಿಯಲ್ಲಿ ತುಂಬಿ ಮುಚ್ಚಿದ 10 ಮಿಲಿಮೀಟರ್, ಕೋಣೆಯ ತಾಪಕ್ಕೆ ಬರುವಷ್ಟರಲ್ಲಿ 8 ಆಗಿರುತ್ತದೆ.

ಹಳೆಯ ಬೀದಿಯಲ್ಲಿ ನಿಯಾನ್ ಫಲಕವೊಂದು ಇನ್ನೂ ತಡವರಿಸದೆ ಕೆಂಪಗೆ ಉರಿಯುತ್ತಿದ್ದರೆ, ಎಂದೋ ಯಾರೋ ಅದು ತಣಿಯುವವರೆಗೆ ಕಾದು, ಎಣ್ಣೆಯ ಮಟ್ಟಕ್ಕೆ ಕಣ್ಣು ತಗ್ಗಿಸಿ, ಅಂಕಿಯನ್ನು ಸರಿಯಾಗಿ ಓದಿದ್ದಾರೆ.